ಕುಂಕುಮ ಹಚ್ಚಿದ ಗಿಟಾರು

ನಮ್ಮ ರೋಣದ ಮಹಿಳಾ ಮಂಡಳದ ಭಜನೆಯಲ್ಲಿ ನನಗೆ ಕೊಟ್ಟ ಕೆಲಸ ಏನು ಗೊತ್ತೇ? ತುಟಿ ಅಲ್ಲಾಡಿಸುವುದು.

ನಗಬೇಡಿ. ಇದೂ ಕೆಲಸವೇ. ಮುಂದಿನ ಸಾಲಿನಲ್ಲಿ ಕೂತು, ಎಲ್ಲರ ಜೊತೆ ಬಾಯಿ ತೆರೆದು, ಎಲ್ಲರ ಜೊತೆ ಬಾಯಿ ಮುಚ್ಚಿ, ಒಳಗಿನಿಂದ ಒಂದು ಚೂರು ಶಬ್ದವೂ ಹೊರಗೆ ಬಾರದಂತೆ ನೋಡಿಕೊಳ್ಳಬೇಕು. ಒಮ್ಮೆ ಮಾಡಿ ನೋಡಿ, ಆಗ ತಿಳಿಯುತ್ತದೆ. ಹಾಡುವುದಕ್ಕಿಂತ ಹಾಡದೆ ಇರುವುದೇ ಹೆಚ್ಚು ದಣಿವು.

ಈ ಕೆಲಸ ಕೊಟ್ಟವರು ನೀಲಕ್ಕ. ಮಂಡಳದ ಸೆಕ್ರೆಟರಿ ಅವರೇ, ಹಾರ್ಮೋನಿಯಂ ಬಾರಿಸುವವರು ಅವರೇ, ಪ್ರತಿ ಸಾಲನ್ನೂ ಮೊದಲು ಎತ್ತಿ ಹಾಡುವವರೂ ಅವರೇ. ಮದುವೆಗೆ ಮುಂಚೆ ಧಾರವಾಡದಲ್ಲಿ ಮಾಸ್ತರರ ಮುಂದೆ ಕೂತು ಕಲಿತ ಸಂಗೀತ. ಮಂಡಳ ಶುರುವಾದ ಹೊಸತರಲ್ಲಿ ಒಂದು ದಿನ ನನ್ನನ್ನು ಭಜನೆ ನಡೆಯುವ ಮಠದ ಕಂಬದ ಮರೆಗೆ ಕರೆದು ಬಹಳ ಮರ್ಯಾದೆಯಿಂದ ಹೇಳಿದರು.

"ಶಾಂತಕ್ಕಾರ, ತಪ್ಪ ತಿಳೀಬ್ಯಾಡ್ರಿ. ನೀವು ಮುಂದಿನ ಸಾಲಿನ್ಯಾಗ ಕುಂಡರ್ರಿ, ನಿಮ್ಮ ಸೀರಿ ಚಲೋ ಕಾಣಸ್ತದ. ಆದ್ರ ದನಿ ತಗೀಬ್ಯಾಡ್ರಿ. ಬರೇ ತುಟಿ ಅಲ್ಲಾಡಸ್ರಿ, ಸಾಕು."

ಸೀರೆಗೆ ಮುಂದಿನ ಸಾಲು, ದನಿಗೆ ಕಂಬದ ಮರೆ. ಸಿಟ್ಟು ಬಂತೇ? ಬಂತು. ಆದರೆ ಯಾರ ಮೇಲೆ ತೀರಿಸಿಕೊಳ್ಳಲಿ? ನೀಲಕ್ಕ ಸುಳ್ಳು ಹೇಳಿರಲಿಲ್ಲ. ನಾನು 'ಸಾ' ಎಂದರೆ ಅದು ತನ್ನ ಮನೆ ಬಿಟ್ಟು ಪಕ್ಕದ ಮನೆಯ ಕಟ್ಟೆಯ ಮೇಲೆ ಹೋಗಿ ಕೂರುತ್ತದೆ. ಎಳೆದು ತಂದರೆ ಇನ್ನೊಂದು ಮನೆಗೆ ಹೋಗುತ್ತದೆ.

ಇದೇ ಕೆಲಸಕ್ಕೆ ನನ್ನ ಜೊತೆ ನೇಮಕವಾದ ಇನ್ನೊಬ್ಬರು ಸಾವಂತ್ರವ್ವ. ಅವರದು ಸ್ವರ ತಪ್ಪುವ ದನಿಯಲ್ಲ. ದೊಡ್ಡ ದನಿ. ಅವರು ಒಮ್ಮೆ ಬಾಯಿ ಬಿಟ್ಟರೆ ಉಳಿದವರೆಲ್ಲ ಇದ್ದಾರೋ ಇಲ್ಲವೋ ಗೊತ್ತಾಗುವುದಿಲ್ಲ. ಹೊಲದಲ್ಲಿ ಆ ಕಡೆಯ ಬದುವಿನಲ್ಲಿರುವವರನ್ನು ಈ ಕಡೆಯಿಂದ ಕರೆದು ರೂಢಿಯಾದ ಗಂಟಲು, ಮಠದ ಪಡಸಾಲೆಯಲ್ಲಿ ಎಲ್ಲಿ ಹಿಡಿಸಬೇಕು? ಹೀಗಾಗಿ ಸ್ವರ ಇಲ್ಲದ ನನಗೂ, ಸ್ವರ ಹೆಚ್ಚಾದ ಅವರಿಗೂ ಒಂದೇ ತೀರ್ಪು.

ಇಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. (ಸುಮ್ಮನಿರುವುದು ನನಗೆ ಎಷ್ಟು ಕಷ್ಟ ಎಂದು ವಾರವಾರ ಈ ಅಂಕಣ ಓದುವ ನಿಮಗೆ ಬೇರೆ ಹೇಳಬೇಕೇ?) ತೊಡಕು ನಮ್ಮ ಅವ್ವನದು.

ನನ್ನ ತವರು ಗಜೇಂದ್ರಗಡ. ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ಊರಿನ ಮಹಿಳಾ ಮಂಡಳಗಳು ವರ್ಷಕ್ಕೊಮ್ಮೆ ಒಂದು ಕಡೆ ಸೇರಿ ಭಜನೆಯ ಪೈಪೋಟಿ ನಡೆಸುತ್ತವೆ. ನಾವು ಮುಂಬಯಿ ರಾಜ್ಯದಲ್ಲಿದ್ದಾಗ ಶುರುವಾದದ್ದು, ಮೈಸೂರು ರಾಜ್ಯಕ್ಕೆ ಬಂದ ಮೇಲೂ ನಿಂತಿಲ್ಲ. ಎಲ್ಲೇ ನಡೆಯಲಿ, ಅವ್ವ ಬಂದು ಎಲ್ಲರಿಗಿಂತ ಮುಂದೆ ಕೂರುತ್ತಾಳೆ. ಹಾಡು ಮುಗಿದ ಮೇಲೆ ಹತ್ತಿರ ಬಂದು ಪ್ರತಿ ವರ್ಷ ಒಂದೇ ಮಾತು ಹೇಳುತ್ತಾಳೆ. "ಇಷ್ಟ ಮಂದ್ಯಾಗ ನಿನ್ನ ದನಿ ಬ್ಯಾರೇನ ಕೇಳಿಸ್ತ ನೋಡವಾ."

ಇದಕ್ಕೆ ಏನು ಉತ್ತರ ಕೊಡುತ್ತೀರಿ ನೀವು? ನಾನು ಹೂಂ ಎನ್ನುತ್ತಿದ್ದೆ. ಆ ಹೂಂ ಮಾತ್ರ ನನ್ನ ಸ್ವಂತ ದನಿಯಲ್ಲಿ ಹೊರಡುತ್ತಿತ್ತು.

ಈ ವರ್ಷದ ಪೈಪೋಟಿ ಗಜೇಂದ್ರಗಡದಲ್ಲೇ ಎಂದು ಒಂದು ದಿನ ನೀಲಕ್ಕ ಹೇಳಿದರು. ತವರಿನ ಓಣಿಗೆ ಓಣಿಯೇ ಬಂದು ಕೂರುತ್ತದೆ. ನನ್ನನ್ನು ಎತ್ತಿ ಆಡಿಸಿದವರು, ನನ್ನ ಜೊತೆ ಕುಂಟಾಬಿಲ್ಲೆ ಆಡಿದವರು, ನನ್ನ ಲಗ್ನದಲ್ಲಿ ಹೋಳಿಗೆ ಬಡಿಸಿದವರು. ಅವರೆಲ್ಲರ ಮುಂದೆ ಮತ್ತೆ ಸೀರೆ ತೋರಿಸಿಕೊಂಡು ಬಾಯಿ ಆಡಿಸಬೇಕೇ? ಅವ್ವ ಮತ್ತೆ ಬಂದು ಅದೇ ಮಾತು ಹೇಳಬೇಕೇ?

ಆಗುವುದಿಲ್ಲ ಎಂದು ಅಂದೇ ನಿಶ್ಚಯ ಮಾಡಿದೆ. ಅವ್ವ ಕೇಳುವಂಥ ಒಂದಾದರೂ ಶಬ್ದ ಈ ಸಲ ನನ್ನಿಂದ ಹೊರಡಲೇಬೇಕು. ಗಂಟಲಿನಿಂದ ಹೊರಡುವುದಿಲ್ಲ. ಮತ್ತೆಲ್ಲಿಂದ?

ನಮ್ಮ ಅಟ್ಟದ ಮೇಲೆ ಒಂದು ಗಿಟಾರು ಇತ್ತು.

ರೋಣದ ಅಟ್ಟದ ಮೇಲೆ ಗಿಟಾರು ಹೇಗೆ ಬಂತು ಎಂದಿರಾ? ಅದು ನನ್ನ ಮೈದುನ ಗುರುಪಾದನದು. ಅವನಿಗೆ ಮುಂಬಯಿಯ ಬಟ್ಟೆ ಗಿರಣಿಯಲ್ಲಿ ಕೆಲಸ. ಅವನಿರುವ ಚಾಳಿನಲ್ಲಿ ಬ್ಯಾಂಡಿನಲ್ಲಿ ನುಡಿಸುವ ಗೋವೆಯವನೊಬ್ಬ ಇದ್ದ. ಅವನ ಹಳೆಯ ಗಿಟಾರು ಇವನ ಕೈಗೆ ಬಂತು, ಜೊತೆಗೆ ಒಂದಿಷ್ಟು ಪಾಠವೂ ಬಂತು. ಪಕ್ಕದ ಖೋಲಿಯವರು ಜಗಳ ತೆಗೆದರು. ಹೀಗಾಗಿ ದೀಪಾವಳಿಗೆ ಊರಿಗೆ ಬಂದಾಗ ಗಿಟಾರನ್ನು ಇಲ್ಲೇ ಬಿಟ್ಟು ಹೋದ. (ಮುಂಬಯಿಯಲ್ಲಿ ಬೇಡವಾದದ್ದೆಲ್ಲ ನಮ್ಮ ಅಟ್ಟಕ್ಕೆ ಬರುತ್ತದೆ. ಒಂದು ಕೊಡೆ, ಎರಡು ಟ್ರಂಕು, ಒಂದು ಹ್ಯಾಟು ಆಗಲೇ ಅಲ್ಲಿವೆ.)

ಹೋಗುವ ಮುಂಚೆ ಪಡಸಾಲೆಯಲ್ಲಿ ಕೂತು ನನಗೂ ಒಂದು ಪಾಠ ಹೇಳಿದ್ದ.

"ವೈನಿ, ಇದಕ್ಕ ಮೈನರ್ ಪೆಂಟಾಟಾನಿಕ್ ಸ್ಕೇಲ್ ಅಂತಾರ. ಹೆಸರ ದೊಡ್ಡದು, ಕೆಲಸ ಸಣ್ಣದು. ಐದ ಸ್ವರಾ. ಸಾ, ಕೋಮಲ ಗಾ, ಮಾ, ಪಾ, ಕೋಮಲ ನೀ. ಮುಗೀತು."

"ರೀ ಎಲ್ಲಿ ಹೋತು? ಧಾ ಎಲ್ಲಿ ಹೋತು?" ಎಂದೆ. ಏಳು ಸ್ವರ ಎಂದು ನಮಗೂ ಸಾಲೆಯಲ್ಲಿ ಹೇಳಿಕೊಟ್ಟಿದ್ದರಲ್ಲ.

"ಅವೆರಡನ್ನ ಬಿಡ್ರಿ. ಅವನ್ನ ಬಿಟ್ರ ತಪ್ಪ ಮಾಡ್ಲಿಕ್ಕೆ ಜಾಗಾನ ಇರಂಗಿಲ್ಲ. ಈ ಐದರಾಗ ಎಲ್ಲೆ ಕೈ ಇಟ್ರೂ ಹಾಡೇ ಬರ್ತೈತಿ."

ತಪ್ಪು ಮಾಡಲು ಜಾಗವೇ ಇಲ್ಲ. ಜನ್ಮವೆಲ್ಲ ತಪ್ಪು ಸ್ವರದಲ್ಲೇ ಕಳೆದವಳಿಗೆ ಇದಕ್ಕಿಂತ ದೊಡ್ಡ ಆಸೆ ಯಾರಾದರೂ ಹಚ್ಚಲು ಸಾಧ್ಯವೇ? ಅವನು ಆ ಐದನ್ನು ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ನುಡಿಸಿ ತೋರಿಸಿದ. ಅವು ಕಿವಿಯಲ್ಲಿ ಕೂತವು. ಅವನು ಮುಂಬಯಿಗೆ ಹೋದ, ಗಿಟಾರು ಅಟ್ಟಕ್ಕೆ ಹೋಯಿತು.

ಈಗ ಅದನ್ನು ಕೆಳಗಿಳಿಸಿದೆ. ಧೂಳು ಒರೆಸಿ ಮೀಟಿ ನೋಡಿದರೆ ಆರೂ ತಂತಿ ಸಡಿಲಾಗಿ ಜೋಲು ಬಿದ್ದಿವೆ. ಯಾವ ತಂತಿಗೆ ಯಾವ ಸ್ವರ ಎಂದು ಗುರುಪಾದ ಇಂಗ್ಲಿಷ್ ಅಕ್ಷರದಲ್ಲಿ ಹೇಳಿದ್ದ. ಒಂದೂ ನೆನಪಿಲ್ಲ. ಏನು ಮಾಡಲಿ? ನಮ್ಮ ಸೀಮೆಯವರಿಗೆ ತಂತಿ ಎಂದರೆ ತಂಬೂರಿ. ಮಠದಲ್ಲಿ ತಂಬೂರಿ ಬಿಗಿಯುವುದನ್ನು ಸಣ್ಣವಳಿದ್ದಾಗಿನಿಂದ ನೋಡಿದ್ದೇನೆ. ಹಾಗೆಯೇ ಇದನ್ನೂ ಬಿಗಿದೆ. ಪಾ, ಸಾ, ಸಾ. ಪಾ, ಸಾ, ಸಾ. ಆರು ತಂತಿಗೆ ಎರಡೇ ಸ್ವರ.

ಗುರುಪಾದ ನೋಡಿದ್ದರೆ ಹಣೆ ಹಣೆ ಬಡಿದುಕೊಳ್ಳುತ್ತಿದ್ದ. ಅವನು ತೋರಿಸಿದ ಬೆರಳಿನ ಜಾಗಗಳೆಲ್ಲ ಇದರಿಂದ ದಿಕ್ಕಾಪಾಲಾದವು. ಅದು ತಪ್ಪು ಎಂದು ನನಗೆ ಗೊತ್ತೂ ಇರಲಿಲ್ಲ.

ಆದರೆ ಬಿಗಿಯುವಾಗ ಒಂದು ಸಂಗತಿ ತಿಳಿಯಿತು. ತಂತಿ ಒಂದು ಎಳೆಯಷ್ಟು ತಪ್ಪಿದರೂ ನನ್ನ ಮೈ ಜುಮ್ಮೆನ್ನುತ್ತಿತ್ತು. ಸರಿಯಾದ ಕೂಡಲೇ ಮನಸ್ಸು ತಣ್ಣಗಾಗುತ್ತಿತ್ತು. ಅಂದರೆ ಏನಾಯಿತು? ಕೆಟ್ಟಿದ್ದು ಗಂಟಲು, ಕಿವಿಯಲ್ಲ! ಇಷ್ಟು ವರ್ಷ ಎರಡನ್ನೂ ಸೇರಿಸಿ ಬೈದುಕೊಂಡಿದ್ದೆ. ಆ ಮಧ್ಯಾಹ್ನ ನನಗಾದ ಸಂತೋಷ ಹೇಳಲಾರೆ. ಒಳಗೆ ಹೋಗಿ ಒಂದು ದೊಡ್ಡ ತುಂಡು ಬೆಲ್ಲ ತಿಂದೆ.

ಮುಂದೆ ಇನ್ನೊಂದು ಪೇಚು. ಅಟ್ಟದ ಬಿಸಿಲಿಗೆ ಗಿಟಾರಿನ ಕುತ್ತಿಗೆ ಬಗ್ಗಿ ತಂತಿಗಳು ಮೇಲೆದ್ದು ನಿಂತಿದ್ದವು. ಒತ್ತಿದರೆ ಬೆರಳು ಕೊಯ್ಯುತ್ತವೆ, ಸ್ವರ ಮಾತ್ರ ಹುಟ್ಟುವುದಿಲ್ಲ. ರೊಟ್ಟಿ ಬಡಿಯುವ ಕೈ ನಮ್ಮದು, ಬಿಸಿ ಹಂಚಿಗೆ ಹೆದರಿದ್ದಲ್ಲ. ಆ ಕೈಯಲ್ಲೂ ನೀರುಗುಳ್ಳೆ ಎದ್ದವು. ನಮ್ಮವರು ಹತ್ತಿ ಅಡತಿ ಅಂಗಡಿಯಿಂದ ಊಟಕ್ಕೆ ಬಂದವರು ಬಾಗಿಲಲ್ಲೇ ನಿಂತು, "ಏನ, ಗಾದಿ ಮಾಡಸ್ಲಿಕ್ಕೆ ಪಿಂಜಾರನ್ನ ಕರಸೀ ಏನು?" ಎಂದರು. ಹತ್ತಿ ಎಕ್ಕುವ ಬಿಲ್ಲಿನ ಶಬ್ದ ಅವರಿಗೆ ನಿತ್ಯದ್ದು. ಅಂದಿನ ಪಲ್ಯಕ್ಕೆ ಉಪ್ಪು ಸ್ವಲ್ಪ ಹೆಚ್ಚಾಗಿತ್ತು, ಅಷ್ಟೆ.

ದಾರಿ ತೋರಿಸಿದವರು ನಮ್ಮ ಅತ್ತೆ. ಅದೂ ಬೇಕೆಂದು ತೋರಿಸಿದ್ದಲ್ಲ.

ಅತ್ತೆಗೆ ಹಲ್ಲಿಲ್ಲ. ಎಲೆ ಅಡಿಕೆಯನ್ನು ಕುಟ್ಟಾಣಿಯಲ್ಲಿ ಹಾಕಿ ಕಬ್ಬಿಣದ ಕಡ್ಡಿಯಿಂದ ಕುಟ್ಟಿ ನುಣ್ಣಗೆ ಮಾಡಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಒಂದು ದಿನ ನಾನು ಗಿಟಾರನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು ಬೆರಳು ಊದಿಕೊಳ್ಳುತ್ತಿದ್ದೆ. ಬಲಗೈ ತಂತಿ ಮೀಟುತ್ತಲೇ ಇತ್ತು.

"ಅದನ್ಯಾಕ ಹಂಗ ಹಿಚಕತೀ? ಇತ್ತಾಗ ಸರಿ," ಎಂದು ಅತ್ತೆ ಕೈಯಲ್ಲಿದ್ದ ಕುಟ್ಟಾಣಿಯ ಕಡ್ಡಿಯನ್ನು ತಂತಿಯ ಮೇಲಿಟ್ಟು ಎಳೆದರು.

ಸ್ವರ ಜಾರಿಕೊಂಡು ಹೋಯಿತು. ಕಡಿಯದೆ, ತಡೆಯದೆ, ಮನುಷ್ಯರು ರಾಗ ಎಳೆದ ಹಾಗೆ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

"ಇದಕ್ಕ ಗಂಟಲಾ ಐತಿ," ಎಂದರು ಅತ್ತೆ.

ತಂತಿ ಒತ್ತುವುದೇ ಬೇಡ. ಕಡ್ಡಿ ಮುಟ್ಟಿಸಿದರೆ ಸಾಕು. ತಂತಿ ಮೇಲೆದ್ದು ನಿಂತಿದ್ದು ಇದಕ್ಕೆ ಅನುಕೂಲವೇ ಆಯಿತು. ತಂಬೂರಿಯ ಹಾಗೆ ಬಿಗಿದದ್ದೂ ಅನುಕೂಲ. ಒಂದು ತಂತಿಯ ಮೇಲೆ ಹಾಡು ಜಾರುತ್ತಿದ್ದರೆ ಉಳಿದವು ಪಾ, ಸಾ ಎಂದು ಬೆನ್ನಿಗೆ ನಿಲ್ಲುತ್ತವೆ. ಎರಡು ತಪ್ಪು ಸೇರಿ ಒಂದು ವಾದ್ಯ ಆಗಿತ್ತು.

ಈಗ ಐದು ಸ್ವರಗಳ ಜಾಗ ಹುಡುಕಬೇಕು. ಸಾ ತಂತಿಯ ಮೇಲೆ ಕಡ್ಡಿ ಸರಿಸುತ್ತಾ ಹೋದೆ. ಕಿವಿ 'ಇಲ್ಲಿ' ಎಂದ ಕಡೆ ಒದ್ದೆ ಕುಂಕುಮದ ಬೊಟ್ಟು ಇಟ್ಟೆ. ಗಿಟಾರಿನ ಕುತ್ತಿಗೆಯ ಮೇಲೆ ಹಿತ್ತಾಳೆಯ ಅಡ್ಡಗೆರೆಗಳು ಇರುತ್ತವಲ್ಲ, ಮೂರನೆಯ ಗೆರೆಯ ಮೇಲೆ ಕೋಮಲ ಗಾ ಸಿಕ್ಕಿತು. ಐದರ ಮೇಲೆ ಮಾ, ಏಳರ ಮೇಲೆ ಪಾ. ಕೋಮಲ ನೀ ಬಹಳ ಸತಾಯಿಸಿ ಹತ್ತನೆಯದರ ಮೇಲೆ ಸಿಕ್ಕಿತು. ಹನ್ನೆರಡರ ಮೇಲೆ ಮತ್ತೆ ಸಾ. ಸಾ, ಗಾ, ಮಾ, ಪಾ, ನೀ, ಸಾ. ಗುರುಪಾದ ನುಡಿಸಿದ್ದು ಇದೇ, ಸಂಶಯವೇ ಇಲ್ಲ. ಮತ್ತೆ ನುಡಿಸಿದೆ. ಮತ್ತೆ. ಅಡುಗೆ ಮನೆಯಲ್ಲಿ ಹಾಲು ಉಕ್ಕಿ ಒಲೆ ಆರಿದ್ದು ವಾಸನೆ ಬಂದ ಮೇಲೆ ಗೊತ್ತಾಯಿತು.

ಅತ್ತೆ ಮಾತ್ರ ಎಲೆ ಅಡಿಕೆ ಇಲ್ಲದೆ ಒದ್ದಾಡಿದರು. ಕಡ್ಡಿ ವಾಪಸ್ ಕೊಡಲು ಹೋದರೆ, "ಇರ್ಲಿ ತಗೊ. ನಾ ವಸಡಿನ್ಯಾಗ ಅರೀತೀನಿ," ಎಂದರು. ಆಗಲಿಲ್ಲ. ಮೂರನೆಯ ದಿನ ನಮ್ಮವರೇ ಕಮ್ಮಾರನ ಹತ್ತಿರ ಹೋಗಿ ಇನ್ನೊಂದು ಕಡ್ಡಿ ಮಾಡಿಸಿಕೊಂಡು ಬಂದರು. ಪಿಂಜಾರನ ಮಾತು ಮತ್ತೆ ಎತ್ತಲಿಲ್ಲ.

ಐದು ಬಂದವು. ಆಮೇಲೆ ನಾನು ಏನು ಮಾಡಿದೆ ಹೇಳಿ ನೋಡೋಣ? ನೀವು ಮಾಡುವುದನ್ನೇ ಮಾಡಿದೆ. ಐದು ಬಂದ ಮೇಲೆ ಏಳು ಏಕೆ ಬರಬಾರದು ಎಂದುಕೊಂಡೆ. ರೀ ಮತ್ತು ಧಾ ಹುಡುಕಿ ಇನ್ನೆರಡು ಬೊಟ್ಟು ಇಟ್ಟೆ. ರೀ ಹೋಗಿ ಗಾ ಮಗ್ಗುಲಿಗೆ ಒತ್ತಿಕೊಂಡಿತು. ಧಾ ಹೋಗಿ ನೀ ಮಗ್ಗುಲಿಗೆ. ಕಡ್ಡಿ ದಪ್ಪ, ಕೈಗೆ ಅವಸರ. ರೀ ಎಂದು ಹೋದರೆ ಗಾ ಸಿಗುತ್ತದೆ, ಗಾ ಎಂದರೆ ಎರಡರ ನಡುವಿನದು ಯಾವುದೋ ಅರಚುತ್ತದೆ. ಹಿತ್ತಲಿನ ಗೋಡೆಯ ಆಚೆಯಿಂದ ನೆರೆಮನೆಯವರು, "ಯಾರಿಗೇನ ಆತ್ರಿ? ದವಾಖಾನಿಗೆ ಒಯ್ಯಬೇಕೇನ್ರಿ?" ಎಂದು ಕೇಳಿದರು.

ಆ ಎರಡು ಬೊಟ್ಟನ್ನು ಸೆರಗಿನಿಂದ ಒರೆಸಿ ಹಾಕಿದೆ. ಮತ್ತೆ ಹಾಡು ಬಂತು.

ಬಿಡುವುದು ಎಷ್ಟು ಕಷ್ಟ ನೋಡಿ. ನಮ್ಮಲ್ಲಿ ಬೀಗರು ಊಟಕ್ಕೆ ಬಂದರೆ ಎಲೆಯ ಮೇಲೆ ಬೆರಳು ಊರಲು ಜಾಗ ಇರುವುದಿಲ್ಲ. ಅಷ್ಟು ಬಡಿಸುತ್ತೇವೆ, ಅವರು ಅರ್ಧ ಬಿಡುತ್ತಾರೆ. ಭಾಷಣಕ್ಕೆ ನಿಂತವರು ತಮಗೆ ಗೊತ್ತಿದ್ದದ್ದೆಲ್ಲ ಹೇಳಿ ಮುಗಿಸಿ, ಆಮೇಲೆ ಗೊತ್ತಿಲ್ಲದ್ದನ್ನು ಶುರು ಮಾಡುತ್ತಾರೆ. ಗೊತ್ತಿರುವ ಐದರಲ್ಲಿ ಚೊಕ್ಕಟ ನುಡಿಸಿ ಇಳಿಯೋಣ ಎಂದು ಯಾರಿಗಾದರೂ ಅನಿಸುತ್ತದೆಯೇ? (ನಮ್ಮ ಸಂಪಾದಕರಿಗೆ ಮಾತ್ರ ಬಿಡುವ ವಿದ್ಯೆ ಚೆನ್ನಾಗಿ ಒಲಿದಿದೆ. ನನ್ನ ಬರಹದಲ್ಲಿ ಒಳ್ಳೆಯ ಸಾಲುಗಳನ್ನೇ ಹುಡುಕಿ ಬಿಡುತ್ತಾರೆ.)

ಇನ್ನು ನೀಲಕ್ಕನನ್ನು ಒಪ್ಪಿಸಬೇಕು. ಸೋಮವಾರದ ಭಜನೆಗೆ ಗಿಟಾರನ್ನು ಮಠಕ್ಕೆ ಒಯ್ದೆ. ಅವರು ಕನ್ನಡಕ ಏರಿಸಿ ಆ ಬೊಟ್ಟುಗಳನ್ನು ನೋಡಿದರು.

"ಇದೇನ್ರಿ ಶಾಂತಕ್ಕಾರ, ಇದಕ್ಕ ಲಗ್ನಾ ಮಾಡೀರೇನು?"

"ತಂಬೂರಿ ರೀ," ಎಂದೆ. ಸುಳ್ಳೇನೂ ಅಲ್ಲ. ಹಾರ್ಮೋನಿಯಂನ ಸಾ ಹಿಡಿದು ಒಂದೊಂದೇ ತಂತಿ ಹೊಂದಿಸಿ ಪಾ, ಸಾ, ಸಾ ಎಂದು ಮೀಟಿದೆ. ನೀಲಕ್ಕ ಕಣ್ಣು ಮುಚ್ಚಿ ಕೇಳಿದರು. ಅವರ ಕಿವಿಗೆ ಮೋಸ ಮಾಡಲು ಬರುವುದಿಲ್ಲ.

"ಶ್ರುತಿ ಖರೇನ ಸ್ವಚ್ಛ ಅದ. ಯಾರ ಹಚ್ಚಿ ಕೊಟ್ರು?"

"ನಾನ ರೀ."

ಅವರು ಕನ್ನಡಕ ಇಳಿಸಿದರು. "ಆತು. ಶ್ರುತಿ ಅಷ್ಟ ಹಿಡೀರಿ. ಬ್ಯಾರೆ ಏನೂ ಮಾಡಬ್ಯಾಡ್ರಿ," ಎಂದರು. ಪಕ್ಕದಲ್ಲಿದ್ದ ಸಾವಂತ್ರವ್ವ ನನ್ನ ಕಿವಿಯಲ್ಲಿ, "ನಿಮಗರೆ ಬಡ್ತಿ ಸಿಕ್ತ. ಇನ್ನ ತುಟಿ ಖಾತೆಗೆ ನಾ ಒಬ್ಬಾಕಿನ ಉಳದೆ," ಎಂದರು. ನಗುತ್ತಲೇ ಹೇಳಿದರು. ಆದರೂ ನನಗೆ ಕಸಿವಿಸಿಯಾಯಿತು.

ನಾವು ಪೈಪೋಟಿಗೆ ಹಿಡಿದದ್ದು ಮಂಡಳದವರೇ ಕೂಡಿ ಕಟ್ಟಿದ ಪದ. 'ದೀಪ ಸಣ್ಣದಾದರೇನ, ಮನಿಯ ತುಂಬ ಬೆಳಕ' ಎಂದು ಅದರ ಪಲ್ಲವಿ. ಭೀಮಪಲಾಸದಲ್ಲಿ ನೀಲಕ್ಕ ಕೂರಿಸಿದ್ದರು. ಅವರು ಒಂದು ಸಾಲು ಹಾಡಬೇಕು, ಉಳಿದವರು ಅದನ್ನೇ ಎತ್ತಿಕೊಂಡು ಹಾಡಬೇಕು. ನಮ್ಮ ಕಡೆಯ ಎಲ್ಲ ಭಜನೆಯೂ ಹೀಗೇ.

ಶ್ರುತಿ ಮೀಟುತ್ತಾ ಕೂತವಳಿಗೆ ಎರಡನೆಯ ಸೋಮವಾರ ತಟ್ಟನೆ ಹೊಳೆಯಿತು. 'ದೀಪ ಸಣ್ಣದಾದರೇನ' ಎಂದು ಹಾಡು ಮೇಲೆ ಏರುತ್ತದಲ್ಲ, ಅಲ್ಲಿ ಇರುವುದು ಐದೇ ಸ್ವರ. ನನ್ನ ಐದು. ಮುಂಬಯಿಯ ಚಾಳಿನಿಂದ ಬಂದ ಆ ದೊಡ್ಡ ಹೆಸರಿನ ಸ್ಕೇಲು ನಮ್ಮ ಮಠದ ಪಡಸಾಲೆಯಲ್ಲಿ ಮೊದಲಿನಿಂದಲೂ ಕೂತೇ ಇತ್ತು. ಆದರೆ 'ಮನಿಯ ತುಂಬ ಬೆಳಕ' ಎಂದು ಇಳಿಯುವಾಗ ರೀ, ಧಾ ಎರಡೂ ಬೇಕು. ಏರಲು ಐದು ಸಾಕು, ಇಳಿಯಲು ಏಳು ಬೇಕು. ನನಗೆ ಏರಲು ಬರುತ್ತದೆ. ಇಳಿಯಲು ಬರುವುದಿಲ್ಲ.

ಮನೆಯಲ್ಲಿ ಬಾಗಿಲು ಹಾಕಿಕೊಂಡು ಏರುವುದನ್ನು ಮಾತ್ರ ಕಲಿತೆ. ಇಳಿಯುವುದು ಆಮೇಲೆ ನೋಡೋಣ ಎಂದುಕೊಂಡೆ. ಹೀಗೆ ಅಂದುಕೊಂಡು ಮರ ಹತ್ತಿದವರನ್ನು ನೀವು ನೋಡಿರಬಹುದು.

ಹೋದ ಭಾನುವಾರ ಹೊರಟೆವು. ಗಿಟಾರನ್ನು ಕೌದಿಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಮೋಟರಿನಲ್ಲಿ ಕೂತೆ. ಕಂಡಕ್ಟರ್ ಬಂದು ಕೌದಿಯನ್ನು ನೋಡಿ, "ಕೂಸಿಗೆ ವಯಸ್ಸೆಷ್ಟ್ರಿ ಅಕ್ಕಾರ?" ಎಂದ. ಸಾವಂತ್ರವ್ವ, "ಇನ್ನೂ ಹಲ್ಲ ಬಂದಿಲ್ಲೋ ಯಪ್ಪಾ, ಮುಂದ ನಡಿ," ಎಂದರು. ಮೋಟರೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಕುಟ್ಟಾಣಿಯ ಕಡ್ಡಿ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದೆ, ಅದು ಚುಚ್ಚುತ್ತಿತ್ತು.

ಗಜೇಂದ್ರಗಡದ ಸಾಲೆಯ ಅಂಗಳದಲ್ಲಿ ಮಂಟಪ ಹಾಕಿದ್ದರು. ಗುಡ್ಡದ ಕಡೆಯಿಂದ ಗಾಳಿ ಬೀಸುತ್ತಿತ್ತು. ಜನ ಕಿಕ್ಕಿರಿದಿದ್ದರು. ಮೊದಲು ನರಗುಂದದವರು ಹಾಡಿದರು. ಎಲ್ಲರದೂ ಒಂದೇ ಬಣ್ಣದ ಸೀರೆ, ಒಂದೇ ದನಿ. ಇಸ್ತ್ರಿ ಮಾಡಿದ ಹಾಗೆ ಒಂದು ಸುಕ್ಕಿಲ್ಲ. ನಿಜ ಹೇಳಬೇಕೆಂದರೆ ಬಹಳ ಚೆನ್ನಾಗಿ ಹಾಡಿದರು. ನೀಲಕ್ಕನ ಮುಖ ಬಿಗಿಯಿತು.

ಆಮೇಲೆ ನಾವು. ಸ್ಟೇಜು ಹತ್ತಿ ಕೂತೆವು. ಅವ್ವ ಎಲ್ಲಿ ಎಂದು ಹುಡುಕುವ ಕಾರಣವೇ ಇರಲಿಲ್ಲ. ಎಲ್ಲರಿಗಿಂತ ಮುಂದೆ, ಜಮಖಾನೆಯ ಅಂಚಿನಲ್ಲಿ, ಕಾಲು ಮಡಿಚಿ ಕೂತಿದ್ದಳು.

ನೀಲಕ್ಕ ಹಾಡಿದರು, ಎಲ್ಲರೂ ಎತ್ತಿಕೊಂಡರು. ನಾನು ಪಾ, ಸಾ, ಸಾ ಎಂದು ಮೀಟುತ್ತಾ ಇದ್ದೆ. ಒಂದು ನುಡಿ ಮುಗಿಯಿತು. ಆಗ ಅವ್ವನನ್ನು ನೋಡಿದೆ. ಅವಳು ತಲೆ ಒಂದು ಕಡೆಗೆ ವಾಲಿಸಿ ಕಿವಿ ಮುಂದೆ ಮಾಡಿದ್ದಳು. ಕಣ್ಣು ನಮ್ಮ ಮುಖಗಳ ಮೇಲೆ ಒಂದೊಂದಾಗಿ ಹೋಗುತ್ತಿತ್ತು. ಅಷ್ಟು ದನಿಗಳಲ್ಲಿ ಇಲ್ಲದ ಒಂದು ದನಿಯನ್ನು ಆ ಮುದುಕಿ ಹುಡುಕುತ್ತಿದ್ದಳು.

ನನಗೆ ತಡೆಯಲಾಗಲಿಲ್ಲ. ಸೊಂಟದಿಂದ ಕಡ್ಡಿ ತೆಗೆದೆ.

ನೀಲಕ್ಕ ಪಲ್ಲವಿ ಹಾಡಿ ಬಿಟ್ಟರು. ಎಲ್ಲರೂ ಎತ್ತಿಕೊಂಡರು. ನಾನೂ ಎತ್ತಿಕೊಂಡೆ. ಮೊದಲ ಬೊಟ್ಟಿನಿಂದ ಕಡ್ಡಿ ಜಾರಿತು. ಮಗ್ಗುಲಲ್ಲಿದ್ದವರು ಬೆಚ್ಚಿ ಹಾಡುವುದನ್ನೇ ನಿಲ್ಲಿಸಿದರು, ಅವರನ್ನು ನೋಡಿ ಅವರ ಮಗ್ಗುಲಿನವರೂ. ಗಾ, ಮಾ, ಪಾ. ಈಗ ನಾನು ಒಬ್ಬಳೇ ಉಳಿದಿದ್ದೆ. ಜನ್ಮದಲ್ಲಿ ಮೊದಲ ಸಲ ಮಂದಿಯ ಮುಂದೆ ನಾನೊಬ್ಬಳೇ. ನೀ. ಮೇಲಿನ ಸಾ. ಕುಂಕುಮದ ಕೊನೆಯ ಬೊಟ್ಟಿನ ಮೇಲೆ ಕಡ್ಡಿ ನಿಂತಿತು. ಸ್ವರ ಸರಿಯಾಗಿತ್ತು. ಎಷ್ಟು ಸರಿಯಾಗಿತ್ತೆಂದರೆ ನನಗೇ ಅಳು ಬಂತು.

ಇನ್ನು ಇಳಿಯಬೇಕು. ಎಲ್ಲಿ ಇಳಿಯಲಿ? ಹೇಗೆ ಇಳಿಯಲಿ? ಕಡ್ಡಿ ಅಲ್ಲೇ ಉಳಿಯಿತು. ನೀಲಕ್ಕನ ಕೈ ಹಾರ್ಮೋನಿಯಂ ಮೇಲೆ ನಿಂತಿತ್ತು. ಅವರ ಕಡೆ ನೋಡುವ ಧೈರ್ಯ ನನಗಿರಲಿಲ್ಲ. ಮುಗಿಯಿತು, ಮಂಡಳದ ಮರ್ಯಾದೆ ತೆಗೆದೆ ಎಂದುಕೊಂಡೆ.

'ಮನಿಯ ತುಂಬ ಬೆಳಕ!'

ಸಾವಂತ್ರವ್ವ. ಆ ದನಿಯನ್ನು ನಾವು ವರ್ಷಗಟ್ಟಲೆ ಮುಚ್ಚಿ ಇಟ್ಟಿದ್ದೆವು. ಅದು ಈಗ ಮೇಲಿನ ಸಾದಿಂದ ಧಾ, ರೀ ಎಲ್ಲವನ್ನೂ ತುಳಿದುಕೊಂಡು ಕೆಳಗೆ ಬಂತು. ಸ್ಟೇಜಿನ ಹಲಗೆ ನಡುಗಿದಂತಾಯಿತು. ಅವರ ಹಿಂದೆ ಮಂಡಳದವರೆಲ್ಲ ದನಿಗೂಡಿಸಿದರು. ಹಾಡು ಸುರಕ್ಷಿತವಾಗಿ ನೆಲ ಮುಟ್ಟಿತು.

ಆಗ ನೀಲಕ್ಕ ನನ್ನ ಕಡೆ ತಿರುಗಿದರು. ಬೈಯುತ್ತಾರೆ ಎಂದುಕೊಂಡೆ. ಅವರು ನನ್ನ ಕೈಯಲ್ಲಿದ್ದ ಕಡ್ಡಿ ನೋಡಿದರು, ಬೊಟ್ಟುಗಳನ್ನು ನೋಡಿದರು. ಅವರಿಗೆ ಎಲ್ಲವೂ ತಿಳಿಯಿತು. ಯಾವುದು ನನಗೆ ಬರುತ್ತದೆ, ಯಾವುದು ಬರುವುದಿಲ್ಲ ಎಲ್ಲವೂ. ಹಾರ್ಮೋನಿಯಂನಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಪಲ್ಲವಿಯ ಮೊದಲರ್ಧ ಹಾಡಿ, ಎತ್ತಿಕೊಳ್ಳಿ ಎಂದು ನನಗೆ ಗದ್ದ ಅಲ್ಲಾಡಿಸಿದರು.

ನಾನು ಏರಿದೆ. ಮೇಲೆ ಹೋಗಿ ನಿಂತೆ. ನೀಲಕ್ಕ ಎರಡೂ ಕೈಯನ್ನು ಮಂದಿಯ ಕಡೆ ಚಾಚಿದರು.

ಏನು ಹೇಳಲಿ? ನನ್ನ ತವರಿನ ಓಣಿ ಇಳಿಸಿಕೊಂಡಿತು. 'ಮನಿಯ ತುಂಬ ಬೆಳಕ' ಎಂದು ಜಮಖಾನೆಯ ಮೇಲೆ ಕೂತವರು ಹಾಡಿದರು. ಮೂರನೆಯ ಸಲಕ್ಕೆ ಹಿಂದೆ ನಿಂತಿದ್ದ ಗಂಡಸರೂ ಸೇರಿದರು. ನಾಲ್ಕನೆಯ ಸಲಕ್ಕೆ ನರಗುಂದದ ಆ ಒಂದೇ ಬಣ್ಣದ ಸೀರೆಗಳೂ ಸೇರಿದವು. ಕೆಲವರ ಸ್ವರ ಸರಿಯಿತ್ತು, ಕೆಲವರದು ಪಕ್ಕದ ಮನೆಯ ಕಟ್ಟೆ ಹತ್ತಿತ್ತು. ಯಾರಿಗೆ ಬೇಕಾಗಿತ್ತು ಅದೆಲ್ಲ? ನಾನು ಏರಿಸುತ್ತಿದ್ದೆ, ಊರು ಇಳಿಸುತ್ತಿತ್ತು. ಅಷ್ಟು ಸುಖ ನಾನು ಹಿಂದೆಂದೂ ಕಂಡಿರಲಿಲ್ಲ.

ಸ್ಟೇಜಿನಿಂದ ಇಳಿದಾಗ ಅವ್ವ ಮೆಟ್ಟಿಲ ಹತ್ತಿರ ಬಂದು ನಿಂತಿದ್ದಳು. ನನ್ನ ಕೈ ಹಿಡಿದು ಬೆರಳುಗಳನ್ನು ತಿರುಗಿಸಿ ನೋಡಿದಳು. ತಂತಿ ಕೊಯ್ದ ಗೆರೆಗಳು ಇನ್ನೂ ಇದ್ದವು.

"ಇಷ್ಟ ವರ್ಷ ಮಂದ್ಯಾಗ ನಿನ್ನ ದನಿ ಹುಡಕತಿದ್ದೆ ಯವ್ವಾ," ಎಂದಳು. "ಇವತ್ತ ಹುಡುಕೂದ ಬೇಕಾಗಲಿಲ್ಲ."

ಅಂದರೆ ಅವಳಿಗೆ ಮೊದಲೂ ಸಿಕ್ಕಿರಲಿಲ್ಲ! ಸಿಕ್ಕಿತು ಎಂದು ವರ್ಷವರ್ಷ ನನ್ನ ಸಮಾಧಾನಕ್ಕೆ ಹೇಳುತ್ತಿದ್ದಳು. ನಾನು ಅವಳ ಹೆಗಲ ಮೇಲೆ ತಲೆ ಇಟ್ಟು ಅತ್ತುಬಿಟ್ಟೆ. ಅಳುತ್ತಲೇ ನಕ್ಕೆ ಕೂಡ.

ಕೊನೆಗೆ ಪರೀಕ್ಷಕರಾಗಿ ಬಂದಿದ್ದ ಸಂಗೀತ ಮಾಸ್ತರರು ಎದ್ದು ನಿಂತರು. ದೊಡ್ಡ ವಿದ್ವಾಂಸರು, ನಿಷ್ಠುರದ ಮನುಷ್ಯ. ನರಗುಂದದವರನ್ನು ಹೊಗಳಿದರು, ಗಜೇಂದ್ರಗಡದವರ ತಾಳ ಹೊಗಳಿದರು. ನಮ್ಮ ಪಾಳಿ ಬಂತು.

"ರೋಣದವರ ಉತ್ಸಾಹ ಚಲೋ ಅದ. ಆದ್ರ ವಾದ್ಯದಾಗ ಅವರೋಹಣ ಪೂರ್ತಿ ಬರಲಿಲ್ಲ. ಇಳಿಯೋ ಮುಂದ ಸ್ವರಾ ಬಿಟ್ಟಬಿಟ್ರು."

ನಾನು ತಲೆ ತಗ್ಗಿಸಿದೆ. ಅವರು ಹೇಳಿದ್ದು ಅಕ್ಷರಶಃ ನಿಜ. ಆಗ ನನ್ನ ಮುಂದೆ ಯಾರೋ ಎದ್ದು ನಿಂತ ಹಾಗಾಯಿತು. ನೀಲಕ್ಕ. ಸ್ವರ ಒಂದು ಎಳೆ ತಪ್ಪಿದರೆ ಸಹಿಸದ ನೀಲಕ್ಕ. ಸೆರಗು ಹೊದ್ದು, ಕೈ ಮುಗಿದು, ಬಹಳ ಮರ್ಯಾದೆಯಿಂದ ಹೇಳಿದರು.

"ಬಿಟ್ಟಿಲ್ರಿ ಮಾಸ್ತರ. ಅವನ್ನ ಮಂದಿಗೆ ಕೊಟ್ಟೇವಿ."

ಮಂಟಪ ಚಪ್ಪಾಳೆ ತಟ್ಟಿತು. ಮಾಸ್ತರರೂ ನಕ್ಕು ಕೂತರು. ಆದರೂ ತೀರ್ಪು ಬದಲಿಸಲಿಲ್ಲ, ಬದಲಿಸಬಾರದು ಕೂಡ. ನರಗುಂದದವರಿಗೇ ಫಸ್ಟ್ ಬಂತು. ಸಂಜೆ ಸ್ಟ್ಯಾಂಡಿನಲ್ಲಿ ಎರಡು ಮೋಟರು ಅಕ್ಕಪಕ್ಕ ನಿಂತಿದ್ದವು. ಒಂದು ನರಗುಂದಕ್ಕೆ, ಒಂದು ರೋಣಕ್ಕೆ. ನಮ್ಮದರಲ್ಲಿ ಸಾವಂತ್ರವ್ವ ಆಗಲೇ ಪಲ್ಲವಿ ಎತ್ತಿದ್ದರು, ಕಂಡಕ್ಟರನೂ ಹಾಡುತ್ತಿದ್ದ.

ಕಪ್ ನರಗುಂದದ ಮೋಟರ್ ಹತ್ತಿತು. ಹಾಡು ಯಾವ ಮೋಟರ್ ಹತ್ತಿತು, ನೀವೇ ಹೇಳಿ?